ಗಲ್ಲಾಪೆಟ್ಟಿಗೆಯ ಚಿಲ್ಲರೆ

ಕೇಳುಗರಿಗೆಲ್ಲ ಶರಣು ಶರಣಾರ್ಥಿ.

ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಒಮ್ಮೆಯಾದರೂ ಕೈ ಹಚ್ಚಿರುತ್ತೀರಿ, ಅಲ್ವಾ? ಬೆಳಿಗ್ಗೆ ತಿಂದ ಜೋಳದ ರೊಟ್ಟಿಯ ಬಲ ಅದು ಅನ್ನುತ್ತೇವೆ. ನಿಜವೇ. ಆದರೆ ತೋಳಿನ ಸ್ನಾಯುವಿಗೆ ರೊಟ್ಟಿಯನ್ನು ನೇರವಾಗಿ ಖರ್ಚು ಮಾಡಲು ಬರುವುದಿಲ್ಲ. ಅದಕ್ಕೆ ನಗದು ಬೇಕು. ಆ ನಗದೇ ಎಟಿಪಿ ಎಂಬ ಅಣು. 1929ರಲ್ಲಿ ಇದನ್ನು ಗುರುತಿಸಿದವರಲ್ಲಿ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ನಾವು ಅವರನ್ನು ನೆನೆಯುವುದೇ ಕಡಿಮೆ.

ಈ ನಗದನ್ನು ಹೆಚ್ಚಾಗಿ ತಯಾರಿಸುವುದು ಜೀವಕೋಶದೊಳಗಿನ ಪುಟ್ಟ ಮಿಲ್ಲುಗಳಾದ ಮೈಟೊಕಾಂಡ್ರಿಯಾ. ಕೂಡಿಡುವ ರೂಢಿ ಇಲ್ಲ. ಜೋರಾಗಿ ಜಗ್ಗಿದರೆ ಸ್ನಾಯುವಿನಲ್ಲಿರುವ ಎಟಿಪಿ ಕೆಲವೇ ಸೆಕೆಂಡಿಗೆ ಸಾಲುತ್ತದೆ. ಹಾಗಾದರೆ ಇನ್ನಷ್ಟು ಬೇಕು ಅಂತ ಹೇಳುವವರು ಯಾರು?

ನಮ್ಮ ದಾಲ್ ಮಿಲ್ಲಿನ ಮುನೀಮರನ್ನು ನೆನೆಸಿಕೊಳ್ಳಿ. ಗಲ್ಲಾದಲ್ಲಿ ಚಿಲ್ಲರೆ ಜಾಸ್ತಿ ಕಂಡರೆ ಸಾಕು, ನೋಟು ಮುರಿದಿವೆ ಅಂತ ಅವರಿಗೆ ಗೊತ್ತಾಗುತ್ತದೆ. ಜೀವಕೋಶದ ಮುನೀಮ ಎಎಂಪಿಕೆ ಎಂಬ ಪ್ರೋಟೀನ್. ಎಟಿಪಿ ಖರ್ಚಾದಾಗ ಕೊನೆಗೆ ಉಳಿಯುವ ಚಿಲ್ಲರೆ ಎಎಂಪಿ. ಎಟಿಪಿ ಸ್ವಲ್ಪ ಇಳಿದರೂ ಎಎಂಪಿ ಹಲವು ಪಟ್ಟು ಏರುತ್ತದೆ. ಅದು ಬಂದು ಅಂಟಿಕೊಂಡರೆ ಮುನೀಮ ಚುರುಕಾಗುತ್ತಾನೆ. ಕೊಬ್ಬು ಕೂಡಿಡುವುದು ನಿಲ್ಲಿಸಿ, ಇದ್ದದ್ದನ್ನು ಉರಿಸಿ, ರಕ್ತದಿಂದ ಸಕ್ಕರೆ ಒಳಗೆ ತನ್ನಿ ಅಂತ ಅಪ್ಪಣೆ ಹೊರಡುತ್ತದೆ.

ನನಗೆ ಇದಕ್ಕಿಂತ ಬೆರಗು ಕ್ಯಾಲ್ಸಿಯಂದು. ಜಗ್ಗು ಅಂತ ಮಿದುಳು ಹೇಳಿದಾಗ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಸ್ನಾಯು ಬಿಗಿಯುತ್ತದೆ. ಅದೇ ಕ್ಯಾಲ್ಸಿಯಂನ ಒಂದು ಪಾಲು ಎಂಸಿಯು ಎಂಬ ಪ್ರೋಟೀನಿನ ಬಾಗಿಲಿನಿಂದ ಮೈಟೊಕಾಂಡ್ರಿಯಾದೊಳಗೆ ನುಗ್ಗಿ ಅಲ್ಲಿನ ಕಿಣ್ವಗಳ ವೇಗ ಏರಿಸುತ್ತದೆ. ಖರ್ಚಿನ ಚೀಟಿಯೂ ಅದೇ, ಗಳಿಕೆಯ ಚೀಟಿಯೂ ಅದೇ! ಗಲ್ಲಾ ಬರಿದಾಗುವವರೆಗೆ ಕಾಯುವುದೇ ಇಲ್ಲ. ಈ ಬಾಗಿಲು ಯಾವ ಪ್ರೋಟೀನಿನದು ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ, 2011ರಲ್ಲಿ. ಆಮೇಲೆ ಆ ಬಾಗಿಲೇ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಸಾಯಲಿಲ್ಲ. ಭಾರೀ ದುಡಿಮೆಗೆ ಮಾತ್ರ ಬಲ ಸಾಲದಾಯಿತು. ಅಂದರೆ ಸುದ್ದಿ ಮುಟ್ಟಿಸುವ ದಾರಿ ಇದೊಂದೇ ಅಲ್ಲ.

ದಿನಾ ದುಡಿಸಿದರೆ ಎಎಂಪಿಕೆ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ಅದರ ಹೆಸರು ಪಿಜಿಸಿ-1 ಆಲ್ಫಾ. ಆಗ ಮೈಟೊಕಾಂಡ್ರಿಯಾ ಹೆಚ್ಚುತ್ತಾ ಹೋಗುತ್ತವೆ. ಇದಕ್ಕೆ ವಾರಗಟ್ಟಲೆ ಬೇಕು. ಅಪ್ಪನ ಕೆರೆ ಕಡೆ ವಾಕಿಂಗ್ ಶುರು ಮಾಡಿದವರು ಮೊದಲ ವಾರ ಏದುಸಿರು ಬಿಡುತ್ತಾರೆ. ಎರಡು ತಿಂಗಳಿಗೆ ರಾಜಕೀಯ ಮಾತಾಡುತ್ತಾ ನಡೆಯುತ್ತಾರೆ. ಅದರಲ್ಲಿ ಈ ಹೊಸ ಮಿಲ್ಲುಗಳದೂ ಪಾಲಿದೆ. ವಾಕಿಂಗ್ ಬಿಟ್ಟರೆ ಅವು ಮತ್ತೆ ಕಡಿಮೆ ಆಗುತ್ತವೆ.

ನಮಸ್ಕಾರ.