ಮೊದಲು ಊಟ, ಲೆಕ್ಕ ಆಮೇಲೆ

ಎಲ್ಲರಿಗೂ ವಂದನೆ. ಕೋಲಾರದಿಂದ ಮಾತಾಡುತ್ತಿದ್ದೇನೆ. ದೇವರಿಂದ ದೂರ ಹೋಗಿ, ಈಗ ವಾಪಸ್ ಬರಬೇಕು ಅಂತ ಅನ್ನಿಸುತ್ತಿರುವವರ ಬಗ್ಗೆ ಇವತ್ತು ಮಾತು. ಅವರಿಗಿಂತ ಜಾಸ್ತಿ, ಅವರು ಬರುವಾಗ ಚರ್ಚಿನ ಬೆಂಚಿನ ಮೇಲೆ ಮೊದಲೇ ಕೂತಿರುವ ನಮ್ಮ ಬಗ್ಗೆ.

ನಮ್ಮ ಸಭೆಗಳಲ್ಲಿ ಒಂದು ಮಾತು ಬಹಳ ಸುಲಭವಾಗಿ ಬರುತ್ತದೆ. "ಆ ಹುಡುಗ ಲೋಕದ ಕಡೆ ಹೋಗಿಬಿಟ್ಟ." ಯಾವ ಲೋಕ? ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಅಲ್ಲಿಂದೀಚೆಗೆ ಸಾವಿರಾರು ಜನ ನಸುಕಿನಲ್ಲೇ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಮನೆ ಸೇರುವಾಗ ರಾತ್ರಿ. ನಿದ್ದೆಗೆ, ಬಟ್ಟೆ ಒಗೆಯುವುದಕ್ಕೆ, ಮಕ್ಕಳ ಮುಖ ನೋಡುವುದಕ್ಕೆ ಇರುವುದು ಭಾನುವಾರ ಒಂದೇ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗೆ ಹೋಗುವವರಿಗೆ ಶಿಫ್ಟ್ ಕಾಟ. ಮೆಥೋಡಿಸ್ಟರೇ ಶುರು ಮಾಡಿದ ನಮ್ಮ ಇಟಿಸಿಎಂ ಆಸ್ಪತ್ರೆಯಲ್ಲೂ ಭಾನುವಾರ ಅಂತ ವಾರ್ಡ್ ಬಿಟ್ಟು ಬರೋಕೆ ಆಗುತ್ತಾ? ಮೊದಲು ಒಂದು ಆರಾಧನೆ ತಪ್ಪುತ್ತದೆ. ಆಮೇಲೆ ತಿಂಗಳು ತಪ್ಪುತ್ತದೆ. ಆಮೇಲೆ ಹೋಗುವುದಕ್ಕೇ ನಾಚಿಕೆ. ಇವರಲ್ಲಿ ಯಾರೂ ಕೂತು ಯೋಚಿಸಿ "ದೇವರು ಬೇಡ" ಅಂತ ತೀರ್ಮಾನ ಮಾಡಿದವರಲ್ಲ. ಸುಸ್ತಾದವರು. ನಾವು ಸುಸ್ತನ್ನು ಅವಿಶ್ವಾಸ ಅಂತ ಬರೆದುಕೊಂಡಿದ್ದೇವೆ.

ಇನ್ನೊಂದು ಥರದವರಿದ್ದಾರೆ. ಮನೆಯಲ್ಲಿ ಯಾರಿಗೋ ಕಾಯಿಲೆ. ಒಂದು ಪ್ರಾರ್ಥನಾ ಕೂಟ ಆಯ್ತು, ಇನ್ನೊಂದಕ್ಕೆ ಹೋದರು, ಎಣ್ಣೆ ತಂದರು, ಉಪವಾಸ ಇದ್ದರು, ಕಾಣಿಕೆ ಕೊಟ್ಟರು. ವಾಸಿ ಆಗಲಿಲ್ಲ. ಕೊನೆಗೆ ಸ್ಟೇಜ್ ಮೇಲಿಂದ ಉತ್ತರ ಬಂತು: "ನಿಮ್ಮ ವಿಶ್ವಾಸ ಸಾಲದು." ಅಲ್ಲಿಗೆ ಎಲ್ಲವನ್ನೂ ಬಿಟ್ಟರು. ಈ ಜನ ದೇವರಿಂದ ಓಡಿಹೋದವರಲ್ಲ, ದೇವರ ಹಿಂದೆ ಓಡಿ ಓಡಿ ಕಾಲು ನೋಯಿಸಿಕೊಂಡವರು. ಇವರಿಗೆ "ಮಾನಸಾಂತರಪಡು", ಅಂದರೆ ಪಶ್ಚಾತ್ತಾಪಪಟ್ಟು ಮನಸ್ಸು ತಿರುಗಿಸಿಕೋ, ಅಂತ ಹೇಳುವ ಧೈರ್ಯ ನನಗಂತೂ ಇಲ್ಲ. ಹಾಗೆ ಹೇಳಿದವರೇ ಮೊದಲು ಕ್ಷಮೆ ಕೇಳಬೇಕು.

ಈಗ ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯಕ್ಕೆ ಬರೋಣ. ತಪ್ಪಿಹೋದ ಮಗನ ಕಥೆ. ಇಬ್ಬರು ಮಕ್ಕಳಲ್ಲಿ ಚಿಕ್ಕವನು ಅಪ್ಪನ ಆಸ್ತಿಯಲ್ಲಿ ತನ್ನ ಪಾಲು ತೆಗೆದುಕೊಂಡು ದೂರ ಹೋಗಿ ಎಲ್ಲವನ್ನೂ ಕಳೆಯುತ್ತಾನೆ. ಸಂಡೇ ಸ್ಕೂಲಿನಿಂದ ಕೇಳಿದ್ದೇ, ಅಲ್ವಾ? ಆದರೆ ಒಂದು ವಿಷಯದ ಮೇಲೆ ನಾವು ಜಾಸ್ತಿ ನಿಲ್ಲುವುದಿಲ್ಲ. ಹಂದಿ ಮೇಯಿಸುತ್ತಾ ಹಸಿವಿನಲ್ಲಿ ಕೂತಿದ್ದಾಗ ಆ ಮಗ ಒಂದು ಭಾಷಣ ತಯಾರು ಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ಮಾತು. ಪಾಪ ಮಾಡಿದ್ದೇನೆ. ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ನಿನ್ನ ಕೂಲಿಯವರಲ್ಲಿ ಒಬ್ಬನ ಹಾಗೆ ನನ್ನನ್ನು ಇಟ್ಟುಕೋ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದಿರಬೇಕು, ಪಾಪ. ಅಪ್ಪ ದೂರದಲ್ಲೇ ನೋಡಿ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಮೊದಲ ಎರಡು ಮಾತು ಹೇಳುತ್ತಾನೆ. ಮೂರನೆಯದು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ಬಟ್ಟೆ ತನ್ನಿ, ಉಂಗುರ ತನ್ನಿ, ಕೆರ ತನ್ನಿ, ಕೊಬ್ಬಿದ ಕರು ಕೊಯ್ಯಿರಿ ಅನ್ನುತ್ತಿದ್ದಾನೆ. ಕೂಲಿ ವಿಷಯ ಅಲ್ಲಿ ಎದ್ದೇ ಇಲ್ಲ.

ಗಮನಿಸಿ, ಊಟ ಮೊದಲು. ಇದು ಇಲ್ಲಿ ಮಾತ್ರ ಅಲ್ಲ. ಜಕ್ಕಾಯನನ್ನು ನೋಡಿ. ಸುಂಕದವನು, ಜನರ ದುಡ್ಡು ಹೊಡೆದವನು. ತನ್ನನ್ನು ನೋಡೋಕೆ ಮರ ಹತ್ತಿದ್ದ ಅವನನ್ನು ಯೇಸು ಕೆಳಗಿಳಿಸಿ, ಇವತ್ತು ನಿನ್ನ ಮನೆಯಲ್ಲೇ ಇರಬೇಕು ಅಂದ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅನ್ನುವ ಮಾತು ಬಂದದ್ದು ಅದಾದ ಮೇಲೆ. ಯೇಸುವಿನ ಶಿಷ್ಯ ಪೇತ್ರನೂ ಅಷ್ಟೇ. ಯೇಸುವನ್ನು ಬಂಧಿಸಿದ ರಾತ್ರಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ಆ ಮನುಷ್ಯನನ್ನು ನಾನು ಅರಿಯೆ ಅಂತ ಮೂರು ಸಲ ಹೇಳಿದವನು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಕೆರೆಯ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ. ಮೇಲೆ ಮೀನು, ಜೊತೆಗೆ ರೊಟ್ಟಿ. ಯೇಸುವೇ ಬಡಿಸುತ್ತಾನೆ. ಎಲ್ಲರದೂ ತಿಂಡಿ ಮುಗಿದ ಮೇಲೆ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಅಂತಲೂ ಬರೆದಿದೆ. ಲೆಕ್ಕ ಕೇಳದೆ ಬಿಟ್ಟಿಲ್ಲ. ಹಸಿದ ಹೊಟ್ಟೆಯಲ್ಲಿ ಕೇಳಲಿಲ್ಲ, ಅಷ್ಟೇ.

ನಮ್ಮ ಕೋಲಾರದಲ್ಲಿ ಯಾರೇ ಮನೆಗೆ ಬಂದರೂ ಮೊದಲು ಕೇಳುವುದು "ಊಟ ಆಯ್ತಾ?" ಅಂತ. ಮುದ್ದೆ ಇಟ್ಟು, ಸಾರು ಹಾಕಿ, ಆಮೇಲೆ ಬಂದ ಕೆಲಸ ಏನು ಅಂತ ಕೇಳುತ್ತೇವೆ. ಚರ್ಚಿನ ಬಾಗಿಲಲ್ಲಿ ಮಾತ್ರ ಇದು ತಲೆಕೆಳಗು. "ಏನಪ್ಪಾ, ಇಷ್ಟು ದಿನ ಎಲ್ಲಿದ್ದೆ? ಈಗ ನೆನಪಾಯ್ತಾ?" ತಮಾಷೆಗೇ ಅಂದಿರುತ್ತಾರೆ. ಆದರೆ ಬಂದವನಿಗೆ ಅದು ತಮಾಷೆ ಅಲ್ಲ. ಕೆಲವು ಕಡೆ ಚಂದಾ ಬಾಕಿಯ ಪುಸ್ತಕವೂ ಹಿಂದೆಯೇ ಬರುತ್ತದೆ. ಇನ್ನು ಕೆಲವು ಕಡೆ ವಿಪರೀತ ಪ್ರೀತಿ. ಬಂದ ಮೊದಲ ವಾರವೇ ಕೈಗೆ ಮೈಕ್ ಕೊಟ್ಟು "ಸಾಕ್ಷಿ ಹೇಳು" ಅನ್ನುತ್ತಾರೆ. ಕುಡಿತ, ಸಾಲ, ಮನೆ ಜಗಳ ಎಲ್ಲ ಊರ ಮುಂದೆ ಬರಬೇಕು. ಈಗಂತೂ ಅದು ಲೈವ್ ಕೂಡ ಹೋಗುತ್ತದೆ. ದಯವಿಟ್ಟು ಬೇಡ. ಆ ಅಪ್ಪ ಮಗನಿಗೆ ಕರು ಕೊಯ್ಯಿಸಿದ. ನೆಂಟರ ಮುಂದೆ ನಿಲ್ಲಿಸಿ ಹಂದಿಯ ಕಥೆ ಹೇಳಿಸಲಿಲ್ಲ.

"ಇಷ್ಟು ಸಲೀಸು ಮಾಡಿದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಿ ಬರುತ್ತಾರೆ" ಅಂತ ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಕಥೆಯಲ್ಲಿ ತಮ್ಮನಿಗೆ ಔತಣ ಅಂತ ಕೇಳಿ ಸಿಟ್ಟಾದ, ಹೊಲದಿಂದ ಬಂದ ದೊಡ್ಡ ಮಗನದೂ ಇದೇ ಪ್ರಶ್ನೆ. ಅಪ್ಪ ಅವನನ್ನು ಬೈಯಲಿಲ್ಲ. ನನ್ನದೆಲ್ಲ ನಿನ್ನದೇ ಅಂದ. ಅಂದರೆ ಚಿಕ್ಕವನು ಕಳೆದ ಪಾಲು ಕಳೆದ ಹಾಗೇ ಉಳಿಯಿತು. ಆಸ್ತಿ ಇನ್ನೊಂದು ಸಲ ಭಾಗ ಆಗಲಿಲ್ಲ. ಮಗನ ಜಾಗ ಸಿಕ್ಕಿತು, ಜಮೀನು ಸಿಗಲಿಲ್ಲ. ಹಾಗಾಗಿ ಕುಡಿದು ಹೆಂಡತಿಗೆ ಹೊಡೆದವನು "ದೇವರು ನನ್ನನ್ನು ಕ್ಷಮಿಸಿದ್ದಾನೆ, ನೀನೂ ಬಾಗಿಲು ತೆಗಿ" ಅಂತ ಹೆದರಿಸುವ ಹಾಗಿಲ್ಲ. ಬಾಗಿಲು ಯಾವಾಗ ತೆಗೆಯಬೇಕು, ತೆಗೆಯಬೇಕೋ ಬೇಡವೋ, ಅದು ಆಕೆಯ ತೀರ್ಮಾನ. ಅವನು ಸಾಲ ತೀರಿಸುತ್ತಾ, ಕುಡಿತ ಬಿಟ್ಟು, ಕಾಯಬೇಕು.

ಮಕ್ಕಳಿಗಾಗಿ ಕಾಯುತ್ತಿರುವ ತಾಯಂದಿರಿಗೂ ಒಂದು ಮಾತು. ಅಗಸ್ಟೀನ್ ಗೊತ್ತಲ್ಲ, 354ರಲ್ಲಿ ಉತ್ತರ ಆಫ್ರಿಕಾದಲ್ಲಿ ಹುಟ್ಟಿದ ದೊಡ್ಡ ಬೋಧಕ. ಸುಮಾರು ಒಂಬತ್ತು ವರ್ಷ ಅವನು ಮಾನಿ ಅನ್ನುವವನು ಶುರು ಮಾಡಿದ ಬೇರೊಂದು ಪಂಥದ ಹಿಂದೆ ಹೋಗಿದ್ದ. ತಾಯಿ ಮೋನಿಕಾ ಒಬ್ಬ ಬಿಷಪ್ ಹತ್ತಿರ ಹೋಗಿ, ನನ್ನ ಮಗನ ಜೊತೆ ವಾದ ಮಾಡಿ ಬುದ್ಧಿ ಹೇಳಿ ಅಂತ ಅತ್ತಳು. ಅವರು ಒಪ್ಪಲಿಲ್ಲ. ಸದ್ಯಕ್ಕೆ ಅವನನ್ನು ಬಿಟ್ಟುಬಿಡು, ಪ್ರಾರ್ಥನೆ ಮಾತ್ರ ಮಾಡು ಅಂದರು. 387ರ ಈಸ್ಟರ್‌ನಲ್ಲಿ ಮಿಲಾನಿನಲ್ಲಿ ಅವನು ದೀಕ್ಷಾಸ್ನಾನ ತೆಗೆದುಕೊಂಡ. ಬೆಂಗಳೂರಿನ ಪಿಜಿಯಲ್ಲಿರುವ ಮಗನಿಗೆ ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ನಾಲ್ಕು ವಚನ ಕಳಿಸುತ್ತೀರಲ್ಲ ಅಮ್ಮಾ, ಅವನು ಮ್ಯೂಟ್ ಮಾಡಿರುತ್ತಾನೆ. ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿ. ವಚನವನ್ನು ನೀವು ಓದಿಕೊಳ್ಳಿ.

ಇನ್ನು ದೂರ ಇರುವವರಿಗೆ. ಎಲ್ಲ ಸರಿ ಮಾಡಿಕೊಂಡು ಆಮೇಲೆ ಬರುತ್ತೇನೆ ಅಂತ ಕಾಯಬೇಡಿ. ತಡವಾಗಿ ಬಂದರೂ ಪರವಾಗಿಲ್ಲ. ಹಿಂದಿನ ಬೆಂಚಲ್ಲಿ ಕೂರಿ. ಯಾರ ಜೊತೆಗೂ ಮಾತು ಬೇಡ ಅನ್ನಿಸಿದರೆ ಆಶೀರ್ವಾದ ಆದ ತಕ್ಷಣ ಎದ್ದು ಹೊರಡಿ. ಚರ್ಚಿನ ಗೇಟು ದಾಟುವುದೂ ಕಷ್ಟ ಅನ್ನುವವರು ರೈಲಿನಲ್ಲೇ ಒಂದು ಸಾಲು ಪ್ರಾರ್ಥನೆ ಮಾಡಿ, ಅದೂ ನಡೆಯುತ್ತದೆ. ಕರ್ತನ ಭೋಜನಕ್ಕೆ, ಅಂದರೆ ಚರ್ಚಿನಲ್ಲಿ ಕೊಡುವ ರೊಟ್ಟಿ ದ್ರಾಕ್ಷಾರಸಕ್ಕೆ, ಕೈ ಚಾಚಬಹುದಾ ಅನ್ನುವ ಅಳುಕು ಇದ್ದರೆ, ಹಿಂದಿನ ದಿನವೇ ಸಭೆ ನಡೆಸುವ ಪಾಸ್ಟರ್ ಅಯ್ಯನವರಿಗೆ ಒಂದು ಫೋನ್ ಮಾಡಿ ಕೇಳಿ. ಅಯ್ಯನವರೇ, ಆ ಫೋನ್ ಬಂದರೆ ದಯವಿಟ್ಟು ಎತ್ತಿ. ಎಷ್ಟು ವರ್ಷ ಆಯ್ತು ಅಂತ ಮಾತ್ರ ಕೇಳಬೇಡಿ.