ತಾತ ಮಾಡಿದ ತೊಟ್ಟಿಲು

ಮಳೆ ಸದ್ದು ಜಾಸ್ತಿ ಇದೆ, ಸ್ವಲ್ಪ ಸಹಿಸಿಕೊಳ್ಳಿ. ಬೇಲೂರು ಕಡೆ ಜುಲೈ ಅಂದರೆ ಹೀಗೇ. ಇದು ಅಜ್ಜಿ ಮನೆ ಹಿತ್ತಲಿನ ಶೆಡ್, ತಾತ ಕೆಲಸ ಮಾಡುತ್ತಿದ್ದ ಜಾಗ. ಅವರ ವರ್ಷದ ತಿಥಿ ಹೋದ ತಿಂಗಳು ಮುಗಿಯಿತು. ಈ ಭಾನುವಾರ ಅಕ್ಕನ ಮಗುವಿಗೆ ನಾಮಕರಣ. ಅದಕ್ಕೇ ತೊಟ್ಟಿಲು ಅಟ್ಟದಿಂದ ಇಳಿಸಿದ್ದೇವೆ.

ಹಲಸಿನ ಮರ, ಬಣ್ಣ ನೋಡಿ. ಅಮ್ಮ ಹುಟ್ಟಿದಾಗ, 1980ರಲ್ಲಿ ಮಾಡಿದ್ದು. ಆಮೇಲೆ ಚಿಕ್ಕಮ್ಮ, ಮಾವ, ಅಕ್ಕ, ನಾನು, ಎಲ್ಲರೂ ಮಲಗಿದ್ದು ಇದರಲ್ಲೇ. ಇಡೀ ತೊಟ್ಟಿಲಲ್ಲಿ ಒಂದು ಮೊಳೆ ಇರಲಿಲ್ಲ.

ಇರಲಿಲ್ಲ ಅಂದೆ ನೋಡಿ, ಅದೇ ಸಂಕಟ. ಒಂದು ಮೂಲೆ ಸಡಿಲ ಆಗಿತ್ತು. ಪೇಟೆಯ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಟೀ ಕುಡಿದು ಬರುವಷ್ಟರಲ್ಲಿ ಎರಡು ಮೊಳೆ ಹೊಡೆದಿದ್ದಾರೆ! ಮರ ಗೇಣುದ್ದ ಸೀಳಿಬಿಟ್ಟಿದೆ. ಇಲ್ಲಿ, ಹತ್ತಿರ ತೋರಿಸುತ್ತೇನೆ. ಅದಕ್ಕೆ 800 ರೂಪಾಯಿ ಬೇರೆ. "ಹಳೇದು ಬಿಡಿ, ಪ್ಲೈವುಡ್‌ನಲ್ಲಿ ಹೊಸದು ಮಾಡಿಕೊಡ್ತೀನಿ" ಅಂದರು. ನನಗೆ ಮೈ ಉರಿಯಿತು. ತಾತ ಹಾಕಿದ್ದು ಬಿದಿರಿನ ಬೆಣೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೆಣೆಯೂ ಉಬ್ಬುತ್ತದೆ, ಇನ್ನೂ ಬಿಗಿ ಆಗುತ್ತದೆ. ನಮ್ಮ ಕಡೆ ತೇವಕ್ಕೆ ಮೊಳೆ ತುಕ್ಕು ಹಿಡಿಯುತ್ತದೆ ಅಷ್ಟೇ. ಮಗು ಮಲಗುವ ಜಾಗದಲ್ಲಿ ಯಾರಾದರೂ ಮೊಳೆ ಹೊಡೀತಾರಾ?

ಮಾವ ಈಗ ಮೊಳೆ ಕೀಳುತ್ತಿದ್ದಾರೆ. ಅಷ್ಟರಲ್ಲಿ ಈ ಉಳಿ ಡಬ್ಬಿ ನೋಡಿ. ಉಳಿಗಳ ಮಧ್ಯೆ ಪಶ್ಚಿಮಿ ಸ್ಟಾರ್, 1971ರ ಯುದ್ಧದ ಪದಕ. ಫ್ರೇಮ್ ಹಾಕಿಸೋಣ ಅಂತ ನಾವೆಲ್ಲ ಹೇಳಿದ್ದೆವು, ಅವರು ಒಪ್ಪಲಿಲ್ಲ. ತಾತ 1964ರಲ್ಲಿ ಸೇನೆಯ ಎಂಜಿನಿಯರಿಂಗ್ ಪಡೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇದೆಯಲ್ಲ, ಅದೇ. ಬಡಗಿ ಕೆಲಸ ಪದ್ಧತಿಯಾಗಿ ಕಲಿತಿದ್ದೂ ಅಲ್ಲೇ. ಯುದ್ಧದಲ್ಲಿ ಪಾಕಿಸ್ತಾನದ ಗಡಿಯ ಬಸಂತರ್ ನದಿ ಕಡೆ ಇದ್ದರು. ನೆಲದಲ್ಲಿ ಹೂತಿಟ್ಟ ಮೈನ್ ತೆಗೆದು ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಡುವ ಕೆಲಸ. ಡಿಸೆಂಬರ್ ಚಳಿ, ಕತ್ತಲು. ಅದರ ಬಗ್ಗೆ ಮನೆಯಲ್ಲಿ ಹೆಚ್ಚು ಮಾತಾಡಿದವರಲ್ಲ. "ಬೆರಳು ಅವಸರ ಮಾಡಬಾರದು" ಅನ್ನುತ್ತಿದ್ದರು. ಅದು ಮೈನ್ ಬಗ್ಗೆಯೋ ಮರದ ಬಗ್ಗೆಯೋ ಅಂತ ಆಗ ನಾನು ಕೇಳಲೇ ಇಲ್ಲ.

ಬೇಲೂರು ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ಎಲ್ಲರೂ ಶಿಲಾಬಾಲಿಕೆ ನೋಡುತ್ತಾರೆ ಅಲ್ವಾ? ತಾತ ಸೀದಾ ನವರಂಗದ ಕಂಬಗಳ ಹತ್ತಿರ. ಒಂದೊಂದನ್ನೂ ಸುತ್ತಿ ಬರುತ್ತಿದ್ದರು. ನನ್ನ ಕೇಳಿದರೆ ಆ ಕಂಬಗಳೇ ಹೆಚ್ಚು ಚೆಂದ. ಇಲ್ಲ, ದರ್ಪಣ ಸುಂದರಿಯನ್ನು ಬಿಟ್ಟುಕೊಡಲು ಆಗಲ್ಲ. ಹಳೇಬೀಡಿಗೂ ಹೀಗೇ ಒಂದು ಸಲ ನಾವಿಬ್ಬರೂ... ಹಾಂ, ಮೊಳೆ ಬಂತು!

ಮಾವ ಬೆಣೆ ಕೆತ್ತಿದ್ದಾಯಿತು. ಪಾಲಿಶ್ ಹಾಕಿಸಬೇಕು ಅಂದುಕೊಂಡಿದ್ದೆ. ಬೇಡ. ಮಗು ಅಂಚು ಚೀಪುತ್ತದೆ. ತಾತ ಬರೀ ಕೊಬ್ಬರಿ ಎಣ್ಣೆ ಸವರುತ್ತಿದ್ದರು, ಅದೇ ಸಾಕು. ಸವರುವ ಮೊದಲು ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡು ಅಂಚಿನುದ್ದಕ್ಕೂ ಹೋಗುತ್ತಿದ್ದರು. ಕೂದಲಷ್ಟು ಸಿಬಿರು ಸಿಕ್ಕಿದರೂ ಮತ್ತೆ ಉಜ್ಜುತ್ತಿದ್ದರು.

ಅಜ್ಜಿ ಬಂದರು. ನೋಡಿ, ಅವರೂ ಕಣ್ಣು ಮುಚ್ಚಿಕೊಂಡೇ ಅಂಗೈ ಆಡಿಸುತ್ತಿದ್ದಾರೆ.

"ಇಲ್ಲಿ ಒಂಚೂರು ಚುಚ್ಚುತ್ತೆ ಕಣೋ. ಇನ್ನೊಂದ್ಸಲ ಉಜ್ಜು."

ಆಯ್ತಜ್ಜಿ, ಉಜ್ಜುತ್ತೇನೆ. ಕ್ಯಾಮೆರಾ ಇಲ್ಲೇ ಇಡುತ್ತೇನೆ, ಇದಕ್ಕೆ ಎರಡೂ ಕೈ ಬೇಕು.