ಸ್ಕೂಟರ್ ಹ್ಯಾಂಡಲ್‌ಗೆ ಹೊಸ ಫೋನ್ ಯಾಕೆ, ಡ್ರಾಯರ್‌ನಲ್ಲಿರುವ ಹಳೇದು ಸಾಕಲ್ವಾ?

ಎಲ್ಲರಿಗೂ ನಮಸ್ಕಾರ. ಇವತ್ತು ಸ್ಕೂಟರ್‌ಗೆ ಹಾಕುವ ಮೊಬೈಲ್ ಹೋಲ್ಡರ್ ಬಗ್ಗೆ ಮಾತಾಡೋಣ. ಯಾವ ಹೋಲ್ಡರ್ ತಗೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಯಾವ ಫೋನ್ ಕೂರಿಸುತ್ತೀರಿ ಅಂತ ನಾನು ವಾಪಸ್ ಕೇಳಿದರೆ, ಇದೇನು ಪ್ರಶ್ನೆ ಅನ್ನುವ ಹಾಗೆ ನೋಡುತ್ತಾರೆ. ಕೈಯಲ್ಲಿರೋದೇ, ಮತ್ತಿನ್ಯಾವುದು?

ಅಲ್ಲೇ ನನ್ನ ತಕರಾರು. ಕಂತು ಕಟ್ಟಿ ತಗೊಂಡ ಫೋನನ್ನು ಗಾಡಿಯ ಮೂತಿಗೆ ಸಿಕ್ಕಿಸಿಕೊಂಡು ಊರೆಲ್ಲ ಓಡಾಡಬೇಡಿ. ನಿಮ್ಮ ಮನೆಯಲ್ಲಿ ಟಿವಿ ಕೆಳಗಿನ ಡ್ರಾಯರ್‌ನಲ್ಲಿ ಒಂದು ಹಳೇ ಫೋನ್ ಬಿದ್ದಿರುತ್ತದೆ. ಗಾಜಿನ ಮೂಲೆ ಸ್ವಲ್ಪ ಬಿರುಕು ಬಿಟ್ಟಿರಬಹುದು, ಕ್ಯಾಮೆರಾ ಮಂಕಾಗಿರಬಹುದು. ಮಾರಿದರೆ ಏನೂ ಬರಲ್ಲ, ಬಿಸಾಕಲು ಮನಸ್ಸಿಲ್ಲ. ಮ್ಯಾಪ್ ನೋಡುವುದಕ್ಕೆ ಅದೇ ಸರಿಯಾದ ಫೋನ್.

ಮೊದಲು ಕ್ಯಾಮೆರಾ ವಿಷಯ. ಈಗಿನ ಸುಮಾರು ಫೋನ್‌ಗಳಲ್ಲಿ ಓಐಎಸ್ ಅಂತ ಇರುತ್ತದೆ. ಫೋಟೋ ತೆಗೆಯುವಾಗ ಕೈ ಸ್ವಲ್ಪ ಅಲುಗಿದರೂ ಚಿತ್ರ ಕಲಕಬಾರದು ಅಂತ ಒಳಗಿನ ಲೆನ್ಸೇ ಪಕ್ಕಕ್ಕೆ ಸರಿದು ಸರಿಮಾಡಿಕೊಳ್ಳುತ್ತದೆ. ಅಂದರೆ ಅಲ್ಲಿ ಅಲುಗಾಡುವ ಭಾಗಗಳಿವೆ, ತುಂಬಾ ಸಣ್ಣವು. ಎಂಜಿನ್ ನಡುಕ ಗಂಟೆಗಟ್ಟಲೆ ತಾಗುತ್ತಿದ್ದರೆ ಅವು ಕೆಡಬಹುದು. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪನಿ ತಾನೇ ಇದನ್ನು ಬರೆದು ಹಾಕಿತು. ಜಾಸ್ತಿ ಶಕ್ತಿಯ ಬೈಕ್‌ಗಳ ಹ್ಯಾಂಡಲ್‌ಗೆ ಐಫೋನ್ ಕಟ್ಟಬೇಡಿ ಅಂದಿತು. ಸ್ಕೂಟರ್, ಮೊಪೆಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ನಡುಕ ಅಷ್ಟಿರಲ್ಲ, ಆದರೂ ನಡುಕ ತಡೆಯುವ ಹೋಲ್ಡರ್ ಹಾಕಿ, ದಿನಾ ತುಂಬಾ ಹೊತ್ತು ಹಾಕಬೇಡಿ ಅಂತಲೂ ಹೇಳಿತು. ಎಂಜಿನ್ ನಡುಕದ ಮಾತಾಯಿತು, ಇನ್ನು ನಮ್ಮ ರಸ್ತೆ? ಸ್ಕೂಟರ್ ಚಕ್ರ ಮೊದಲೇ ಚಿಕ್ಕದು. ಬಣ್ಣ ಹೊಡೆಯದ ಹಂಪ್ಸ್, ಪೈಪ್ ಹಾಕಿ ಮಣ್ಣು ಮುಚ್ಚಿ ಹೋದ ಗುಂಡಿ, ಎಲ್ಲಾ ಏಟೂ ಹ್ಯಾಂಡಲ್‌ಗೇ ಬರುತ್ತದೆ. ಇಷ್ಟಾದರೂ ಹಗಲು ಫೋಟೋದಲ್ಲಿ ಏನೂ ಗೊತ್ತಾಗದೇ ಇರಬಹುದು. ಭಾನುವಾರ ಸಂಜೆ ಮೈಸೂರು ಅರಮನೆ ದೀಪ ಹತ್ತಿದಾಗ ಫೋಟೋ ತೆಗೆಯಲು ಹೋಗುತ್ತೀರಲ್ಲ, ಆಗ ಗೊತ್ತಾಗುತ್ತದೆ, ಯಾಕೆಂದರೆ ಕತ್ತಲಲ್ಲೇ ಓಐಎಸ್ ಜಾಸ್ತಿ ಬೇಕಾಗುವುದು.

ಎರಡನೇದು ಬಿಸಿಲು. ಐಫೋನನ್ನು 35 ಡಿಗ್ರಿವರೆಗಿನ ಹವೆಯಲ್ಲಿ ಬಳಸಿ ಅಂತ ಕಂಪನಿಯೇ ಹೇಳುತ್ತದೆ. ಮೈಸೂರು ತಂಪು ಊರು ಅನ್ನುವ ಹೆಸರು ಇದ್ದರೂ ಏಪ್ರಿಲ್ ಮಧ್ಯಾಹ್ನ ಅದನ್ನು ದಾಟುವುದು ಹೊಸತೇನಲ್ಲ, ಮಂಡ್ಯ ಕಡೆ ಕೇಳುವುದೇ ಬೇಡ. ನೇರ ಬಿಸಿಲು, ಫುಲ್ ಬ್ರೈಟ್‌ನೆಸ್, ಜಿಪಿಎಸ್, ಮೇಲೆ ಚಾರ್ಜಿಂಗ್ ಬೇರೆ. ಫೋನ್ ಕಾದು ಸ್ಕ್ರೀನನ್ನು ತಾನೇ ಮಂಕು ಮಾಡಿಕೊಳ್ಳುತ್ತದೆ, ಚಾರ್ಜ್ ನಿಲ್ಲಿಸುತ್ತದೆ. ಮ್ಯಾಪ್ ಬೇಕಾದಾಗಲೇ ಕಾಣಲ್ಲ. ಹಳೇ ಫೋನೂ ಕಾಯುತ್ತದೆ, ಇಲ್ಲ ಅನ್ನಲ್ಲ. ಆದರೆ ಕೆಟ್ಟರೆ ಹೊಟ್ಟೆ ಉರಿಯಲ್ಲ. ಒಂದೇ ಎಚ್ಚರ: ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಮೇಲೆದ್ದಿದ್ದರೆ, ಬ್ಯಾಟರಿ ಊದಿದೆ ಅಂತ ಅರ್ಥ. ಅಂಥದ್ದನ್ನು ಬಿಸಿಲಿಗೆ ಇಡಲೇಬೇಡಿ, ಚಾರ್ಜಿಗೂ ಹಾಕಬೇಡಿ.

ಇವೆರಡಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಮೂರನೇದು. ನಿಮ್ಮ ದಿನನಿತ್ಯದ ಫೋನ್ ಸುಮ್ನೆ ಇರಲ್ಲ. ಮ್ಯಾಪ್ ಮೇಲೆ ವಾಟ್ಸ್‌ಆ್ಯಪ್ ಮೆಸೇಜ್ ಇಳಿಯುತ್ತದೆ, ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾರೆ, ಸಾಲ ಬೇಕಾ ಅಂತ ಯಾರೋ ಕರೆ ಮಾಡುತ್ತಾರೆ, ಎಡ ತಿರುವು ಎಲ್ಲಿ ಅಂತ ನೋಡಲು ಹೋದ ಕಣ್ಣು ಆ ಮೆಸೇಜ್ ಓದಿ ಮುಗಿಸಿಯೇ ರಸ್ತೆಗೆ ಬರುವುದು. ಲೆಕ್ಕ ಹಾಕಿ. 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎರಡು ಸೆಕೆಂಡ್ ಕಣ್ಣು ತೆಗೆದರೆ 22 ಮೀಟರ್. ಸಯ್ಯಾಜಿರಾವ್ ರಸ್ತೆಯಲ್ಲಿ ಅಷ್ಟು ದೂರದೊಳಗೆ ಒಬ್ಬ ಅಜ್ಜಿ, ಒಂದು ಹಸು, ತಪ್ಪು ದಿಕ್ಕಿನಿಂದ ಒಂದು ಆಟೋ, ಮೂರೂ ಬರಬಹುದು.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2020ರ ಅಕ್ಟೋಬರ್ 1ರಿಂದ ಬಂದ ತಿದ್ದುಪಡಿ ಪ್ರಕಾರ ಗಾಡಿ ಓಡಿಸುವಾಗ ಫೋನ್ ದಾರಿ ನೋಡುವುದಕ್ಕೆ ಮಾತ್ರ, ಅದೂ ಓಡಿಸುವವರ ಗಮನ ಕೆಡದ ಹಾಗೆ. ಹೋಲ್ಡರ್ ಹಾಕಿದ್ದೇ ತಪ್ಪು ಅಂತಲ್ಲ. ಹೋಲ್ಡರ್‌ನಲ್ಲಿ ರೀಲ್ಸ್ ಓಡುತ್ತಿದ್ದರೆ ಅದು ದಾರಿ ನೋಡುವುದಂತೂ ಅಲ್ಲ, ಅಲ್ವಾ?

ಹಳೇ ಫೋನನ್ನು ಹೀಗೆ ರೆಡಿ ಮಾಡಿ. ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡಿ. ಸಿಮ್ ಬೇಡ, ವಾಟ್ಸ್‌ಆ್ಯಪ್ ಬೇಡ, ಹಣ ಕಳಿಸುವ ಆ್ಯಪ್ ಅಂತೂ ಬೇಡವೇ ಬೇಡ. ಯಾರಾದರೂ ಎತ್ತಿಕೊಂಡು ಹೋದರೂ ಅದರಲ್ಲಿ ಏನೂ ಸಿಗಬಾರದು. ಜಿಪಿಎಸ್‌ಗೆ ಸಿಮ್ ಬೇಕಿಲ್ಲ, ಅದು ಉಪಗ್ರಹದಿಂದ ಬರುವ ಸಿಗ್ನಲ್. ಆದರೆ ಮ್ಯಾಪ್ ಬರಲು, ಟ್ರಾಫಿಕ್ ಗೊತ್ತಾಗಲು ಇಂಟರ್ನೆಟ್ ಬೇಕು, ಅದಕ್ಕೆ ಜೇಬಿನಲ್ಲಿರುವ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ. ಫೋನ್ ತೀರಾ ಹಳೇದಾಗಿದ್ದರೆ ಮ್ಯಾಪ್ ಆ್ಯಪ್ ಅದರಲ್ಲಿ ನಡೆಯುತ್ತಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲಿ ಬೈಕ್ ಗುರುತು ಒತ್ತುವುದನ್ನು ಮರೆಯಬೇಡಿ, ಆ ಸೌಲಭ್ಯ ನಮ್ಮ ದೇಶಕ್ಕೆ 2017ರ ಡಿಸೆಂಬರ್‌ನಲ್ಲೇ ಬಂದಿದೆ. ಧ್ವನಿ ಕನ್ನಡದಲ್ಲೂ ಇದೆ. ಕಿವಿಗೆ ಕೇಳಿಸುವಷ್ಟು ಜೋರಾಗಿ ಇಟ್ಟರೆ ಕಣ್ಣಿನ ಕೆಲಸ ಅರ್ಧ ಕಮ್ಮಿ.

ಮೈಸೂರಲ್ಲಿ ಮ್ಯಾಪ್ ಯಾಕೆ, ಸರ್ಕಲ್ ಸರ್ಕಲ್ ನೋಡಿಕೊಂಡು ಹೋದರೆ ಆಯ್ತು ಅನ್ನುವವರಿದ್ದಾರೆ. ಕೆ.ಆರ್. ಸರ್ಕಲ್ ಸುತ್ತಮುತ್ತ ಸರಿ. ವಿಜಯನಗರದ ನಾಲ್ಕನೇ ಹಂತದಲ್ಲಿ ಹೊತ್ತು ಮುಳುಗಿದ ಮೇಲೆ ಒಂದು ಮನೆ ಹುಡುಕಿ ನೋಡಿ, ಇಲ್ಲ ಕುವೆಂಪುನಗರದಲ್ಲಿ ಇಂಗ್ಲಿಷ್ ಅಕ್ಷರದ ಬ್ಲಾಕ್‌ಗಳ ನಡುವೆ ಸುತ್ತಿ. ರಿಂಗ್ ರೋಡ್ ಆಚೆಗಿನ ಲೇಔಟ್‌ಗಳಲ್ಲಂತೂ ಕೇಳೋಣ ಅಂದರೆ ರಸ್ತೆಯಲ್ಲಿ ಜನ ಇರಲ್ಲ. ಹಾಗಂತ ಮ್ಯಾಪ್ ಹೇಳಿದ್ದೇ ವೇದವಾಕ್ಯ ಅಲ್ಲ. ದಸರಾ ಸಮಯದಲ್ಲಿ ಒನ್ ವೇ ಬದಲಾಗುತ್ತದೆ, ಆಗ ಪೊಲೀಸರ ಕೈ ಯಾವ ಕಡೆ ತೋರಿಸುತ್ತದೋ ಅದೇ ದಾರಿ. ಬೆಂಗಳೂರು ಕಡೆ ಹೋಗುವವರು ಅಪ್ಪಿತಪ್ಪಿ ಕಾರಿನ ಗುರುತು ಒತ್ತಿದ್ದರೆ ಅದು ಎಕ್ಸ್‌ಪ್ರೆಸ್‌ವೇಗೆ ಕರೆದುಕೊಂಡು ಹೋಗುತ್ತದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್, ಸ್ಕೂಟರ್ ಹತ್ತುವ ಹಾಗಿಲ್ಲ, ಸರ್ವಿಸ್ ರಸ್ತೆಯೇ ಗತಿ. ಬೋರ್ಡ್ ನೋಡಿ. ಪಾಂಡವಪುರ, ಮಂಡ್ಯ ಕಡೆ ಮ್ಯಾಪ್ ಹತ್ತಿರದ ದಾರಿ ಅಂತ ನಾಲೆಯ ಏರಿ ಮೇಲಿನ ರಸ್ತೆ ತೋರಿಸಿದರೆ ಸುತ್ತಾದರೂ ಪರವಾಗಿಲ್ಲ, ದೊಡ್ಡ ರಸ್ತೆ ಹಿಡಿಯಿರಿ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಜನ ಸತ್ತಿದ್ದು ಈ ಕಡೆಯವರು ಯಾರೂ ಮರೆತಿಲ್ಲ. ತಡೆಗೋಡೆ ಇದೆಯೋ ಇಲ್ಲವೋ ಮ್ಯಾಪ್ ಹೇಳಲ್ಲ.

ಹೋಲ್ಡರ್ ಬಗ್ಗೆ ಜಾಸ್ತಿ ಕೊರೆಯಲ್ಲ. ಸ್ಕೂಟರ್ ಹ್ಯಾಂಡಲ್ ಪ್ಲಾಸ್ಟಿಕ್ ಒಳಗೆ ಮುಚ್ಚಿರುತ್ತದೆ, ಹಾಗಾಗಿ ಬೈಕಿನ ಹೋಲ್ಡರ್ ಇಲ್ಲಿ ಹಿಡಿಯಲ್ಲ. ಕನ್ನಡಿ ಬುಡಕ್ಕೆ ಹಾಕುವಂಥದ್ದು ತಗೊಳ್ಳಿ. ಕನ್ನಡಿ ರಾಡ್ 8 ಎಂಎಂ ಇದೆಯಾ 10 ಎಂಎಂ ಇದೆಯಾ ಮೊದಲೇ ನೋಡಿ. ಕೆಲವು ಗಾಡಿಗಳಲ್ಲಿ ಬಲಗಡೆ ಕನ್ನಡಿಯ ತಿರುಪಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಸ್ಪ್ಯಾನರ್ ಹಾಕಿ ಜೋರು ತೋರಿಸಿದರೆ ಮರೆಯೇ ಹೋಗುತ್ತದೆ, ಅನುಮಾನ ಬಂದರೆ ಮೆಕ್ಯಾನಿಕ್ ಹತ್ತಿರ ಬಿಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಲಿವರ್‌ಗೆ ತಾಗಬಾರದು, ಸ್ಪೀಡೋಮೀಟರ್ ಮುಚ್ಚಬಾರದು. ನಾಲ್ಕು ಮೂಲೆ ಹಿಡಿಯುವ ಕೈಗಳ ಮೇಲೆ ಒಂದು ರಬ್ಬರ್ ಬಲೆಯೂ ಇರಲಿ. ಮಳೆ ಬಂದರೆ ಫೋನ್ ಬಿಚ್ಚಿ ಡಿಕ್ಕಿಗೆ ಹಾಕಿ, ಒದ್ದೆ ಪೋರ್ಟ್‌ಗೆ ಚಾರ್ಜರ್ ಚುಚ್ಚಬೇಡಿ.

ನನ್ನ ಈ ಮಾತು ನಡೆಯದ ಒಂದು ಗುಂಪಿದೆ: ಊಟ, ಪಾರ್ಸೆಲ್ ತಂದುಕೊಡುವ ಹುಡುಗರು. ಆರ್ಡರ್ ಬರುವುದು, ಗಿರಾಕಿ ಕರೆ ಮಾಡುವುದು, ದುಡ್ಡಿನ ಲೆಕ್ಕ, ಮ್ಯಾಪ್, ಎಲ್ಲಾ ಒಂದೇ ಫೋನಿನಲ್ಲಿ. ಹಳೇ ಫೋನ್ ಹಾಕಪ್ಪಾ ಅಂತ ಅವರಿಗೆ ಹೇಳಿದರೆ ನಗುತ್ತಾರೆ. ನಡುಕ ತಡೆಯುವ ಹೋಲ್ಡರ್ ಅವರಿಗೆ ಶೋಕಿ ಅಲ್ಲ, ಟೀ ಶರ್ಟ್, ಬ್ಯಾಗ್ ಕೊಟ್ಟ ಹಾಗೆ ಅದನ್ನೂ ಕಂಪನಿಯೇ ಕೊಡಬೇಕು. ಕರೆ ಮಾಡುವ ನಾವೂ ಅಷ್ಟೇ. ಮನೆ ಗುರುತನ್ನು ಆರ್ಡರ್ ಹಾಕುವಾಗಲೇ ಸರಿಯಾಗಿ ಬರೆದರೆ, ರಿಂಗ್ ರೋಡಿನಲ್ಲಿ ಓಡುತ್ತಿರುವ ಗಾಡಿಗೆ ಫೋನ್ ಮಾಡಿ ಎಲ್ಲಿದ್ದೀರಾ ಅಂತ ಕೇಳುವ ಕೆಲಸ ಇರಲ್ಲ.

ಹೊಸ ಗಾಡಿ ತಗೊಳ್ಳುವವರಿಗೆ ಇನ್ನೊಂದು ದಾರಿ ಇದೆ. 2018ರಲ್ಲಿ ಬಂದ ಟಿವಿಎಸ್ ಎನ್‌ಟಾರ್ಕ್‌ನಿಂದ ಹಿಡಿದು ಈಗ ಸುಮಾರು ಸ್ಕೂಟರ್‌ಗಳಲ್ಲಿ ಫೋನ್ ಜೇಬಿನಲ್ಲೇ ಇರುತ್ತದೆ, ಮೀಟರ್ ಮೇಲೆ ಎಡ ಬಲ ತೋರಿಸುವ ಬಾಣ ಬರುತ್ತದೆ. ಏಥರ್‌ನಂಥ ಎಲೆಕ್ಟ್ರಿಕ್ ಗಾಡಿಗಳಲ್ಲಿ ಮ್ಯಾಪೇ ಬರುತ್ತದೆ. ಶೋರೂಮಿನವರು ಇದೆ ಸಾರ್, ಎಲ್ಲಾ ಇದೆ ಅನ್ನುತ್ತಾರೆ. ಟೆಸ್ಟ್ ರೈಡ್‌ಗೆ ಹೋಗುವ ಮುಂಚೆ ನಿಮ್ಮದೇ ಫೋನ್ ಜೋಡಿಸಿ, ನಿಮ್ಮ ಮನೆ ವಿಳಾಸ ಹಾಕಿಸಿ, ಮಧ್ಯಾಹ್ನದ ಬಿಸಿಲಲ್ಲಿ ಆ ಬಾಣ ಕಾಣುತ್ತಾ ಅಂತ ನೋಡಿಕೊಂಡು ಬನ್ನಿ. ಆಮೇಲೆ ಅಡ್ವಾನ್ಸ್ ಕೊಡಿ.